ಮಾನಿಟರ್ ಕೆಳಗೆ ಇಟ್ಟ ಕಲ್ಲು

ಜೂನ್ 9, ಸೋಮವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಡೈರಿಯ ಆ ಪುಟದಲ್ಲಿ ನಾನು ಬರೆದಿರುವುದು ಇಷ್ಟೇ: "ಮೇಜು 28 ಇಂಚು. ಮಾನಿಟರ್ ಅದರ ಕಾಲಿನಿಂದ ಮೇಲಂಚಿನವರೆಗೆ 13. ಕುರ್ಚಿಯಲ್ಲಿ ನೆಟ್ಟಗೆ ಕೂತರೆ ನನ್ನ ಕಣ್ಣು ನೆಲದಿಂದ 46. ಕೊರತೆ 5 ಇಂಚು."

ಆ ಐದು ಇಂಚನ್ನು ತುಂಬಲು ಹೋಗಿ ಆರು ದಿನದಲ್ಲಿ ನಮ್ಮಪ್ಪ ಎಡಗೈಯ ಎರಡು ಬೆರಳು ಕಳೆದುಕೊಂಡರು. ಚಿಕ್ಕಪ್ಪನ ಬಲಗಾಲಿನ ಮೂಳೆ ಎರಡು ತುಂಡಾಯಿತು. ಅವ್ವನ ತಲೆಗೆ ಏಳು ಹೊಲಿಗೆ ಬಿದ್ದವು. ನಾನೂ ಒಬ್ಬರಿಗೆ ಹೊಡೆದೆ. ನನ್ನ ಲೆಕ್ಕದಲ್ಲಿ ಅದೂ ಇದೆ.

ನಮ್ಮೂರು ಚಿಕ್ಕಯ್ಯನಛತ್ರ ಹೋಬಳಿಯಲ್ಲಿ, ನಂಜನಗೂಡಿನಿಂದ ನರಸೀಪುರದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ನಾನು ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ. ಶಾಲಾ ಪಾಠದ ವಿಡಿಯೊಗಳಲ್ಲಿ ಮೇಷ್ಟ್ರು ಆಡುವ ಮಾತನ್ನು, ಕಿವಿ ಕೇಳದ ಮಕ್ಕಳಿಗಾಗಿ ಪರದೆಯ ಕೆಳಗೆ ಸಾಲು ಸಾಲಾಗಿ ಬರೆಯುವ ಕೆಲಸ. ದಿನಕ್ಕೆ ನಲವತ್ತು ನಿಮಿಷದ ವಿಡಿಯೊ ಮುಗಿಸಬೇಕು. ಒಂದು ನಿಮಿಷದ ಮಾತಿಗೆ ಸುಮಾರು ಹತ್ತು ನಿಮಿಷದ ದುಡಿಮೆ. ಎರಡು ವರ್ಷ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಲ್ಯಾಪ್‌ಟಾಪನ್ನು ದಿಂಬಿನ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಮಾಡಿದೆ. ಮೇ ತಿಂಗಳಲ್ಲಿ ಕತ್ತು ಬಲಕ್ಕೆ ತಿರುಗುವುದೇ ನಿಂತಿತು. ಯಾರೋ ಹಿಂದಿನಿಂದ ಕತ್ತಿಗೆ ಕೈ ಹಾಕಿ ಹಿಡಿದುಕೊಂಡ ಹಾಗೆ. ನೋವಿಗೆ ನಾನೇ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಬರೆದಿಡುತ್ತಿದ್ದೆ. ಮೇ 28ರಂದು ಒಂಬತ್ತು.

ನಂಜನಗೂಡಿನಲ್ಲಿ ಕತ್ತಿಗೆ ವ್ಯಾಯಾಮ ಹೇಳಿಕೊಡುವ ಒಬ್ಬ ಮೇಡಂ ಇದ್ದಾರೆ. ಅವರು ನನ್ನ ಕತ್ತನ್ನು ಎರಡು ಕೈಯಲ್ಲೂ ಹಿಡಿದು ಒಮ್ಮೆ ತಿರುಗಿಸಿದಾಗ ನಾನು ಕಿರುಚಿದೆ. "ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರ್ಬೇಕು. ಕಿಟಕಿ ಪಕ್ಕಕ್ಕಿರ್ಬೇಕು, ಎದುರಿಗೂ ಅಲ್ಲ, ಬೆನ್ನಿಗೂ ಅಲ್ಲ. ಪಾದ ನೆಲಕ್ಕೆ ಊರ್ಬೇಕು. ಮೊಣಕೈ ಮೇಜಿನ ಮಟ್ಟಕ್ಕೆ. ಬರ್ಕೊ," ಎಂದರು. ಬರೆದುಕೊಂಡೆ.

ಮುಚ್ಚಿಹೋದ ಟೈಪಿಂಗ್ ಶಾಲೆಯೊಂದರ ಹಳೆಯ ಮಾನಿಟರ್ ನಂಜನಗೂಡಿನ ಒಂದು ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಹದಿನೆಂಟೂವರೆ ಇಂಚಿನದು, ಗಿಡ್ಡ ಕಾಲಿನದು. ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಬೇರೆ ಕೀಬೋರ್ಡು, ಮೌಸು ಕೂಡ. ಅವ್ವ ಹೊಲಿಗೆ ಮಿಷನ್ ಇಟ್ಟಿದ್ದ ಗಟ್ಟಿ ಮರದ ಮೇಜನ್ನು ಬಿಟ್ಟುಕೊಟ್ಟಳು. ಅದನ್ನು ಗೋಡೆಗೆ ಸೇರಿಸಿ ಹಾಕಿದೆ. ಕಿಟಕಿ ಎಡಕ್ಕೆ ಬಂತು. ಬೆಳಕು ಪಕ್ಕದಿಂದ, ಮೇಡಂ ಹೇಳಿದಂತೆಯೇ. ಆ ಕಿಟಕಿ ತಗ್ಗಿನಲ್ಲಿದೆ, ಚಿಕ್ಕಪ್ಪನ ಮನೆಯ ಅಂಗಳಕ್ಕೆ ತೆರೆದುಕೊಳ್ಳುತ್ತದೆ. ನಮಗೂ ಅವರಿಗೂ ನಡುವೆ ಇರುವುದು ಒಂದೇ ಗೋಡೆ.

ಇನ್ನು ಉಳಿದದ್ದು ಐದು ಇಂಚು. ಹಳೆಯ ಪಠ್ಯಪುಸ್ತಕಗಳನ್ನು ಜೋಡಿಸಿದೆ, ಜಾರಿದವು. ಒಂದು ಇಟ್ಟಿಗೆ ಇಟ್ಟರೆ ಮೂರು ಇಂಚು, ಎರಡಿಟ್ಟರೆ ಆರು. ಅದೂ ಅಲ್ಲಾಡುತ್ತಿತ್ತು. ಟೇಪು ಹಿಡಿದು ಮನೆಯಲ್ಲೆಲ್ಲ ಅಳೆಯುತ್ತ ಹೋದೆ. ಹಿತ್ತಲಿಗೆ ಬಂದಾಗ ಬಚ್ಚಲ ಗೋಡೆಗೆ ಒತ್ತಿಕೊಂಡು ಮಲಗಿದ್ದ ಬಟ್ಟೆ ಒಗೆಯುವ ಕಲ್ಲು ಕಂಡಿತು. ದಪ್ಪ ಸರಿಯಾಗಿ ಐದು ಇಂಚು.

ಅವ್ವ ಬೈದಳು. "ಅದ ತಕ್ಕಂಡೋದ್ರೆ ಬಟ್ಟೆ ಎಲ್ಲಿ ಒಗೀಲಿ? ನಿನ್ ತಲೆ ಮ್ಯಾಲಾ?"

"ಸಿಮೆಂಟ್ ಕಟ್ಟೆ ಅದಲ್ಲವ್ವ."

"ಕಟ್ಟೇಲಿ ಒಗದ್ರೆ ಕೊಳೆ ಬಿಡ್ತದಾ? ಹನ್ನೊಂದ್ ವರ್ಸ ನಿಮ್ಮೆಲ್ರ ಕೊಳೆ ಬಿಡ್ಸೈತೆ ಆ ಕಲ್ಲು." ಹಾಗೆಂದರೂ ಅವಳೇ ಸೆರಗು ಸಿಕ್ಕಿಸಿ ಒಂದು ತುದಿ ಹಿಡಿದಳು. ಇಬ್ಬರೂ ಸೇರಿ ಎತ್ತಿದೆವು. ನನ್ನ ಕತ್ತಿನ ನೋವು ಆ ದಿನ ಎಂಟು.

ತೆಂಗಿನ ನಾರು, ಸೋಪಿನ ಪುಡಿ ಹಾಕಿ ತಿಕ್ಕಿದೆ. ಪಾಚಿ, ಸೋಪಿನ ಬಿಳಿ ಪದರ ಎಲ್ಲ ಬಿಟ್ಟಿತು. ಡೈರಿಯಲ್ಲಿ ಹೀಗಿದೆ: "ಉದ್ದ 18 ಇಂಚು. ಅಗಲ 6. ದಪ್ಪ 5. ಒಂದು ತುದಿ ಒಡೆದಿದೆ, ಒಡೆದ ಮುಖ ಓರೆ, ನಡುವೆ ಬೆರಳಿನಷ್ಟು ಅಗಲದ ಕರಿ ಗೆರೆ. ಇನ್ನೊಂದು ತುದಿ ಸಪಾಟು. ಅದರಲ್ಲಿ ಕೂಡು ಗುರುತು ಕೊರೆದಿದೆ, ಎರಡೂ ಗೆರೆ 3 ಇಂಚು. ಕಲ್ಲು ಕಡಿಯುವವರ ಗುರುತಿರಬೇಕು." ಗೋಡೆಗೆ ಒತ್ತಿಕೊಂಡಿದ್ದ ತುದಿ ಅದೇ. ಹನ್ನೊಂದು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಒಡೆದ ತುದಿಯ ಓರೆಯಲ್ಲಿ ಕೇಬಲ್ ಚೆನ್ನಾಗಿ ಇಳಿಯುತ್ತಿತ್ತು. ಲ್ಯಾಪ್‌ಟಾಪ್ ಬಲಕ್ಕೆ, ಆದ್ದರಿಂದ ಒಡೆದ ತುದಿಯೂ ಬಲಕ್ಕೆ. ಸಪಾಟಾದ ತುದಿ ಎಡಕ್ಕೆ, ಕಿಟಕಿಯ ಕಂಬಿಗೆ ಒಂದು ಗೇಣು ದೂರದಲ್ಲಿ. ಒಳಗಿದ್ದವರಿಗೆ ಆ ಗುರುತು ಕಾಣುತ್ತಿರಲಿಲ್ಲ. ಚಿಕ್ಕಪ್ಪನ ಅಂಗಳದಲ್ಲಿ ನಿಂತವರಿಗೆ ಮಾತ್ರ ಕಾಣುತ್ತಿತ್ತು.

ಮಂಗಳವಾರ 38 ನಿಮಿಷದ ವಿಡಿಯೊ ಮುಗಿಸಿದೆ. ಬುಧವಾರ 44. ಗುರುವಾರ 51. ಶುಕ್ರವಾರ ನೋವಿಗೆ ನಾಲ್ಕು ಅಂಕ ಕೊಟ್ಟೆ. ಎಡಗಡೆ ಪರದೆಯಲ್ಲಿ ಮೇಷ್ಟ್ರು, ಬಲಗಡೆ ಪರದೆಯಲ್ಲಿ ನನ್ನ ಸಾಲುಗಳು. ಕತ್ತು ನೆಟ್ಟಗೆ. ಅಪ್ಪ ಎರಡು ಸಲ ಬಂದು ಕಾಫಿ ಲೋಟವನ್ನು ಆ ಕಲ್ಲಿನ ಅಂಚಿಗೇ ಇಟ್ಟು ಮಾತಾಡಿ ಹೋದರು.

ಇಲ್ಲಿ ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ಭಾನುವಾರ ನಡೆದದ್ದು ಬರೀ ಹುಚ್ಚಿನಂತೆ ಕಾಣುತ್ತದೆ.

ಅಪ್ಪನಿಗೂ ಚಿಕ್ಕಪ್ಪನಿಗೂ ನಾಲೆಯ ಪಕ್ಕದಲ್ಲಿ ಗದ್ದೆ. ತಾತ ಪಾಲು ಮಾಡಿಕೊಟ್ಟದ್ದು. ಎರಡು ಗದ್ದೆಯ ಬದು ನಾಲೆಯ ಏರಿಗೆ ಸೇರುವ ಜಾಗದಲ್ಲಿ ಒಂದು ಬಾಂದುಕಲ್ಲು ನಿಂತಿತ್ತು. ಎಲ್ಲೆ ಯಾವುದು ಎಂದು ತೋರಿಸಲು ಸರ್ವೆಯವರು ಹಿಂದೆ ನೆಟ್ಟದ್ದು. ಅಂಥ ಕಲ್ಲಿನ ತಲೆಯಲ್ಲಿ ಕೂಡು ಗುರುತು ಕೊರೆದಿರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ನನಗೆ ಹದಿಮೂರು ವರ್ಷವಾಗಿದ್ದ ಬೇಸಿಗೆಯಲ್ಲಿ ನಾಲೆಗೆ ನೀರು ನಿಲ್ಲಿಸಿ, ಜೆಸಿಬಿ ತಂದು ಹೂಳು ತೆಗೆದರು. ಮಳೆ ಬಿದ್ದು ಉಳುಮೆಗೆ ಹೋದಾಗ ಕಲ್ಲು ಇರಲಿಲ್ಲ. ಬದು ತಮ್ಮ ಕಡೆಗೆ ಒಂದೂವರೆ ಅಡಿ ಸರಿದಿದೆ ಎಂದರು ಚಿಕ್ಕಪ್ಪ. ಸರಿದಿಲ್ಲ ಎಂದರು ಅಪ್ಪ.

ಬುತ್ತಿ ತಂದಿದ್ದ ನಾನು ಏರಿಯ ಮೇಲೆ ನಿಂತಿದ್ದೆ. ಚಿಕ್ಕಪ್ಪ ಗುದ್ದಲಿಯ ಕಾವನ್ನು ಬಿಚ್ಚಿಕೊಂಡರು. ಅಪ್ಪ ಕೆಸರಿನಲ್ಲಿ ಬಿದ್ದಿದ್ದರು. ಒದ್ದೆ ಗೋಣಿಚೀಲಕ್ಕೆ ಬಡಿದ ಹಾಗೆ ಸದ್ದು. ನಾನು ಎಣಿಸಿದೆ. ಹದಿನಾಲ್ಕು. ಹದಿನೈದನೆಯದಕ್ಕೆ ಅಪ್ಪ ಚಿಕ್ಕಪ್ಪನ ಕಾಲು ಎಳೆದು ಬೀಳಿಸಿ, ಎದೆಯ ಮೇಲೆ ಕೂತು, ಮುಷ್ಟಿಯಿಂದ ಬಾಯಿಗೆ ಗುದ್ದಿದರು. ಮುಂದಿನ ಎರಡು ಹಲ್ಲು ಹೋದವು. ಅಂದು ಸಂಜೆ ನಾನು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹದಿನಾಲ್ಕು ಗೀಟು, ಒಂದು ಗೆರೆ ಬಿಟ್ಟು ಎರಡು ಗೀಟು ಎಳೆದೆ. ಲೆಕ್ಕ ಇಡುವುದನ್ನು ನಾನು ಕಲಿತದ್ದು ಹಾಗೆ.

ಊರಿನ ಯಜಮಾನರು ಇಬ್ಬರನ್ನೂ ಮಾರಿಗುಡಿಗೆ ಕರೆಸಿದರು. ಅಪ್ಪ ತಲೆಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಿಂತು, "ಆ ಕಲ್ಲ ನಾನು ಮುಟ್ಟಿಲ್ಲ, ಕಿತ್ತಿಲ್ಲ, ನನ್ ಮನೇಲಿಲ್ಲ" ಎಂದು ಮೂರು ಸಲ ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿದರು. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೂ ಬಂತು. ಆ ಕಪ್ಪು ಗುರುತು ಅವರ ಬಲ ಅಂಗೈಯಲ್ಲಿ ಈಗಲೂ ಇದೆ. ಪ್ರಮಾಣ ಆದ ಮೇಲೆ ಚಿಕ್ಕಪ್ಪ ಒಂದು ಮಾತೂ ಎತ್ತಲಿಲ್ಲ. ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ಆ ಬದುವನ್ನೇ ಎಲ್ಲೆ ಎಂದು ಒಪ್ಪಿದರು. ಮೂರನೆಯ ವರ್ಷ ಹಬ್ಬಕ್ಕೆ ಕರೆದರು. ಐದನೆಯ ವರ್ಷ ಅಪ್ಪನಿಗೆ ಜ್ವರ ಬಂದಾಗ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಹನ್ನೊಂದು ವರ್ಷ ಅವರು ನುಂಗಿಕೊಂಡದ್ದು ಅಪ್ಪನ ಮೇಲಿನ ನಂಬಿಕೆಯಿಂದಲ್ಲ, ಆ ಕರ್ಪೂರದ ಮೇಲಿನ ನಂಬಿಕೆಯಿಂದ.

ಜೂನ್ 14, ಶನಿವಾರ, ಮಧ್ಯಾಹ್ನ 3.10. ಚಿಕ್ಕವ್ವ ಹಲಸಿನ ತೊಳೆಯ ತಟ್ಟೆ ಹಿಡಿದು ಕಿಟಕಿಗೆ ಬಂದಳು.

"ಏನವ್ವಾ ಇದು, ದೊಡ್ಡ ಟಿವಿ ತಂದು ಮಡೀಕಬುಟ್ಟಿದ್ದೀಯಾ! ಸೀರಿಯಲ್ ಬತ್ತದಾ?"

"ಇಲ್ಲ ಚಿಕ್ಕವ್ವ. ಪಾಠ ಬತ್ತದೆ."

"ಥೂ! ಸ್ಕೂಲಲ್ಲಿ ನೋಡಿದ್ ಸಾಲ್ದೂಂತ ಮನೇಲೂ ಮೇಷ್ಟ್ರ ಮೋರೆ ನೋಡ್ಕಂಡ್ ಕೂತ್ಕಂಡಿದ್ದೀಯಾ? ಮದ್ವೆ ಗಂಡ್ನಾದ್ರೂ ತೋರ್ಸ್ತದಾ ಇದು?"

ನಾನು ನಕ್ಕೆ. ಅವಳು ಕಂಬಿಯ ಸಂದಿನಲ್ಲಿ ಒಂದೊಂದೇ ತೊಳೆ ಕೊಡುತ್ತಿದ್ದಳು. ಮೂರನೆಯದು ಕೊಡುವಾಗ ಅವಳ ಕೈ ನಿಂತಿತು.

"ಆ ಕಲ್ಲು ಎಲ್ಲಿತ್ತು ಮಗಾ?"

"ಒಗಿಯೋ ಕಲ್ಲು ಕಣ್ ಚಿಕ್ಕವ್ವ. ನಮ್ಮ ಹಿತ್ಲಲ್ಲೇ ಇತ್ತಲ್ಲ. ನೀನೂ ಎಷ್ಟ್ ಸಲ ಕೂತಿದ್ದೀಯಾ ಅದ್ರ ಮ್ಯಾಲೆ."

ಅವಳು ಆ ತೊಳೆಯನ್ನು ನನ್ನ ಕೈಗೆ ಹಾಕಿದಳು. ತಟ್ಟೆಯಲ್ಲಿ ಉಳಿದಿದ್ದ ತೊಳೆಗಳನ್ನು ವಾಪಸ್ ತೆಗೆದುಕೊಂಡು ಹೋದಳು. ಕೊಟ್ಟದ್ದು ಮೂರು, ಒಯ್ದದ್ದು ಎಂಟೋ ಒಂಬತ್ತೋ. ಅದನ್ನು ಬರೆದಿಟ್ಟೆ, ಅರ್ಥ ಮಾಡಿಕೊಳ್ಳಲಿಲ್ಲ.

ಜೂನ್ 15, ಭಾನುವಾರ, ಬೆಳಿಗ್ಗೆ 7.55. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಕಿಟಕಿಯ ಬೆಳಕು ಕತ್ತಲಾಯಿತು. ಚಿಕ್ಕಪ್ಪ ನಿಂತಿದ್ದರು, ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು. ಅವರು ನನ್ನನ್ನು ನೋಡುತ್ತಿರಲಿಲ್ಲ, ಕಲ್ಲಿನ ತುದಿಯನ್ನು ನೋಡುತ್ತಿದ್ದರು.

"ಲೇ! ಕರ್ಪೂರ ಆರ್ಸಿದೋನೆ! ಆಚ್ಗೆ ಬಾರ್ಲಾ!"

ಅಪ್ಪ ಅರ್ಧ ಕ್ಷೌರದ ನೊರೆಯಲ್ಲೇ ನನ್ನ ಕೋಣೆಗೆ ಬಂದರು. "ಏನ್ಲಾ ಬೆಳಿಗ್ಗೆ ಬೆಳಿಗ್ಗೇನೇ?"

"ಮಾರವ್ವನ ಮುಂದೆ ಅಂಗೈ ಸುಟ್ಕಂಡು ನಾಟ್ಕ ಆಡ್ದಲ್ಲೋ! ಕಲ್ಲು ನೋಡ್ಲಾ ಎಲ್ಲದೆ! ಕಿತ್ ತಂದು, ಎಡ್ತಿ ಕೈಲಿ ಕೊಳೆ ಒಗಸಿ, ಈಗ ಮಗಳ ಮೇಜಿನ ಮ್ಯಾಲೆ ನನ್ ಕಡೀಕೆ ತಿರುಗ್ಸಿ ಮೆರಸ್ತಾ ಇದ್ದೀಯಾ!"

ಅಪ್ಪನಿಗೆ ಅರ್ಥವಾಗಲಿಲ್ಲ. ಬಗ್ಗಿ, ಮಾನಿಟರ್ ಹಿಂದೆ ಕತ್ತು ಚಾಚಿ, ಆ ತುದಿ ನೋಡಿದರು. ಅವರ ಮುಖದಲ್ಲಿ ನೊರೆ ಇಲ್ಲದ ಅರ್ಧ ಬಿಳಿಚಿಕೊಂಡಿತು. "ಅಯ್ಯೋ" ಎಂದರು. ಅಷ್ಟೇ ಹೇಳಿದ್ದು. ಚಿಕ್ಕಪ್ಪನಿಗೆ ಆ ಒಂದು ಮಾತು ತಪ್ಪೊಪ್ಪಿಗೆಯಂತೆ ಕೇಳಿಸಿತು.

ಮೊದಲ ಏಟು ಕಿಟಕಿಯ ಕಂಬಿಗೆ. ಕಿಡಿ ಹಾರಿತು. ಆಮೇಲೆ ಅವರು ಮುಂಬಾಗಿಲಿನಿಂದ ನುಗ್ಗಿದರು. ಎರಡನೆಯ ಏಟು ಮಾನಿಟರಿಗೆ, ಮೂರನೆಯದೂ ಅದಕ್ಕೇ. ಪರದೆಯೊಳಗಿದ್ದ ಮೇಷ್ಟ್ರು ಸೀಳಿ ಬಣ್ಣ ಬಣ್ಣದ ಗೆರೆಯಾದರು. ನನ್ನ ಕಿವಿಯಲ್ಲಿ ಮಾತ್ರ ಅವರು ಭಿನ್ನರಾಶಿ ಕೂಡುವುದನ್ನು ಇನ್ನೂ ಹೇಳುತ್ತಲೇ ಇದ್ದರು. ನಾಲ್ಕನೆಯ ಏಟು ಅಪ್ಪನ ಕತ್ತಿಗೆ ಬರುತ್ತಿತ್ತು. ಅಪ್ಪ ಎಡಗೈ ಅಡ್ಡ ಕೊಟ್ಟರು. ಕಿರುಬೆರಳು, ಅದರ ಪಕ್ಕದ ಬೆರಳು. ಒಂದು ಮೇಜಿನ ಮೇಲೆ ಮೌಸಿನ ಪಕ್ಕ ಬಿತ್ತು. ಇನ್ನೊಂದು ಚರ್ಮದಲ್ಲಿ ನೇತಾಡುತ್ತಿತ್ತು. ಐದನೆಯ ಏಟು ಭುಜಕ್ಕೆ.

"ನಾ ತಂದಿದ್ದು ಕಣ್ರೋ! ಆ ಕಲ್ಲ ನಾ ತಂದಿದ್ದು!" ಅವ್ವ ಬಾಗಿಲಲ್ಲಿ ಕೂಗುತ್ತಿದ್ದಳು. ಚಿಕ್ಕವ್ವ ಹಿಂದಿನಿಂದ ಬಂದು ಅವಳ ಜಡೆ ಹಿಡಿದು, "ಗಂಡನ್ನ ಉಳ್ಸಕೆ ಈಗ ಕತೆ ಕಟ್ತೀಯೇನೇ ಕಳ್ಳಿ!" ಎಂದು ಬಾಗಿಲ ಚೌಕಟ್ಟಿಗೆ ತಲೆ ಅಪ್ಪಳಿಸಿದಳು. ಒಮ್ಮೆ, ಎರಡು ಸಲ. ಮೂರನೆಯದಕ್ಕೆ ಮುಂಚೆ ನಾನು ಕೀಬೋರ್ಡನ್ನು ಎರಡು ಕೈಯಲ್ಲೂ ಹಿಡಿದು ಅವಳ ಮುಖಕ್ಕೆ ಬೀಸಿದೆ. ಹಿಂದಿನ ದಿನ ನನಗೆ ಹಲಸಿನ ತೊಳೆ ಕೊಟ್ಟ ಮುಖ. ಹುಬ್ಬು ಸೀಳಿತು. ಕೀಲಿಗಳು ನೆಲದ ಮೇಲೆ ಚೆಲ್ಲಾಡಿದವು. ಹೊಡೆದಾಗ ನನಗೆ ಹಿತವಾಯಿತು. ಅದನ್ನೂ ಆ ದಿನವೇ ಬರೆದಿಟ್ಟೆ, ಆಮೇಲೆ ಅಳಿಸಲು ಮನಸ್ಸು ಬರಬಾರದು ಎಂದು ಪೆನ್ನಿನಲ್ಲಿ.

ಅಪ್ಪ ಕಲ್ಲು ಎತ್ತಿದ್ದನ್ನು ನಾನು ನೋಡಲಿಲ್ಲ, ಇಳಿಸಿದ್ದನ್ನು ನೋಡಿದೆ. ಅವ್ವನೂ ನಾನೂ ಸೇರಿ ಎತ್ತಿದ್ದ ಕಲ್ಲನ್ನು ಅವರು ರಕ್ತ ಸುರಿಯುವ ಕೈಯಲ್ಲಿ ಒಬ್ಬರೇ ಎದೆಯವರೆಗೆ ಎತ್ತಿದ್ದರು. ಚಿಕ್ಕಪ್ಪ ಜಾರಿ ಬಿದ್ದಿದ್ದರು, ಕಾಲು ಚಾಚಿತ್ತು. ಕಲ್ಲು ಮೊಳಕಾಲಿನ ಕೆಳಗೆ ಬಿತ್ತು. ಒಣ ಕೊಂಬೆ ಮುರಿದ ಸದ್ದು. ಮೂಳೆ ಚರ್ಮ ಸೀಳಿ ಹೊರಗೆ ಬಂತು. ಚಿಕ್ಕಪ್ಪ ಕೂಗಲಿಲ್ಲ. ತಮ್ಮ ಕಾಲನ್ನು ಬೇರೆಯವರದು ಎಂಬಂತೆ ನೋಡುತ್ತ, "ಅಣ್ಣಾ" ಎಂದರು. ಹನ್ನೊಂದು ವರ್ಷದ ಹಿಂದೆ ಗದ್ದೆಯಲ್ಲಿ ಹೊಡೆದಾಡಿದ ಮೇಲೆ ಅವರು ಹಾಗೆ ಕರೆದದ್ದನ್ನು ನಾನು ಕೇಳಿರಲಿಲ್ಲ.

ಎಂಟು ಗಂಟೆ ಎರಡು ನಿಮಿಷ. ಏಳೇ ನಿಮಿಷ.

ಇಬ್ಬರನ್ನೂ ಒಂದೇ ಗೂಡ್ಸ್ ಆಟೋದಲ್ಲಿ ನಂಜನಗೂಡಿನ ಆಸ್ಪತ್ರೆಗೆ ಸಾಗಿಸಿದರು. ಊರಲ್ಲಿ ಬೇರೆ ಗಾಡಿ ಇರಲಿಲ್ಲ. ಅಪ್ಪನ ತಲೆ ಒಂದು ಕಡೆ, ಚಿಕ್ಕಪ್ಪನ ತಲೆ ಇನ್ನೊಂದು ಕಡೆ, ನಡುವೆ ನಾನು ಬೆರಳನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡು ಕೂತಿದ್ದೆ. ಬೆರಳು ಕೂಡಲಿಲ್ಲ. ನೇತಾಡುತ್ತಿದ್ದುದನ್ನೂ ತೆಗೆಯಬೇಕಾಯಿತು. ಚಿಕ್ಕಪ್ಪನ ಕಾಲಿಗೆ ರಾಡು ಹಾಕಿದರು. ಎರಡು ಕಡೆಯಿಂದಲೂ ದೂರು ದಾಖಲಾಯಿತು. ಪೊಲೀಸರು ಮಹಜರು ಮಾಡಿ ಮಚ್ಚನ್ನೂ ಕಲ್ಲನ್ನೂ ವಶಕ್ಕೆ ತೆಗೆದುಕೊಂಡರು. ಕಲ್ಲಿನ ಮೇಲೆ ಚೀಟಿ ಅಂಟಿಸಿದ್ದಾರೆ. ಕಾಲು ಮುರಿದ ಚಿಕ್ಕಪ್ಪನನ್ನು ಆಸ್ಪತ್ರೆಯಲ್ಲೇ ಪೊಲೀಸ್ ಕಾವಲಿನಲ್ಲಿ ಇಟ್ಟಿದ್ದರು. ಅಪ್ಪ ಆಸ್ಪತ್ರೆಯಿಂದ ನೇರ ಜೈಲಿಗೆ ಹೋದರು. ಹತ್ತೊಂಬತ್ತು ದಿನದ ಮೇಲೆ ಜಾಮೀನು ಸಿಕ್ಕಿತು.

ಅವರನ್ನು ಕರೆತರಲು ಹೋದಾಗ ಊರಿನ ಬಸ್ಸು ಹತ್ತಲು ಒಪ್ಪಲಿಲ್ಲ. ನರಸೀಪುರದ ಬಸ್ಸು ಹತ್ತಿದರು. ಅಲ್ಲಿ ಅವರ ಅಕ್ಕನ ಮನೆ ಇದೆ.

"ಒಡ್ದಿದ್ದು ಒಡ್ದೆ. ಅದ್ಕೆ ಎಷ್ಟ್ ವರ್ಸ ಬೇಕಾರು ಜೈಲು ಆಕ್ಲಿ, ಕೂತ್ಕತೀನಿ," ಎಂದರು ಬಸ್ಸಿನಲ್ಲಿ. "ಆದ್ರೆ ಸುಳ್ಳು ಪ್ರಮಾಣ ಮಾಡ್ದೋನು ಅನ್ನೋ ಮಾತು ಬ್ಯಾಡ ಕಣ್ ಮಗಾ. ಆ ಗುಡಿ ಮುಂದೆ ನಿಂತಿದ್ದವ್ರು ಅದ್ನ ವಾಪಸ್ ತಕ್ಕಳೋವರ್ಗೂ ನಾ ಊರಿಗೆ ಕಾಲಿಡಕಿಲ್ಲ."

ಗದ್ದೆ ಯಾರದು ಎಷ್ಟು ಎಂಬುದನ್ನು ಸರ್ವೆಯವರು ಬಂದು ಅಳೆದು ಹೇಳುತ್ತಾರೆ. ಹೊಸ ಕಲ್ಲನ್ನೂ ನೆಡುತ್ತಾರೆ. ಆದರೆ ಪ್ರಮಾಣ ನಿಜವೋ ಸುಳ್ಳೋ ಎಂದು ಅಳೆಯುವ ಸರಪಳಿ ಯಾರ ಹತ್ತಿರವೂ ಇಲ್ಲ. ಅದನ್ನು ನಾನು ಹುಡುಕಬೇಕಾಯಿತು.

ಅವ್ವ ಹೊಲಿಗೆ ಬಿಚ್ಚಿಸಿಕೊಂಡ ಮೇಲೆ ಕೂರಿಸಿಕೊಂಡು ಕೇಳಿದೆ, ದಿನಾಂಕ ಹಾಕಿ ಬರೆದುಕೊಂಡೆ. ಅವಳು ಹೇಳಿದ್ದು ಇದು. ಜೆಸಿಬಿ ತೆಗೆದ ಹೂಳನ್ನು ಟ್ರ್ಯಾಕ್ಟರಿನಲ್ಲಿ ತುಂಬಿ, ನಮ್ಮ ಗದ್ದೆಯಿಂದ ತುಂಬ ದೂರ, ದೊಡ್ಡ ಮೋರಿಯ ಹತ್ತಿರ ಗುಡ್ಡೆ ಹಾಕಿದ್ದರು. ಅದರಲ್ಲಿ ಕಲ್ಲುಗಳೂ ಇದ್ದವು. ಊರಿನ ಹೆಂಗಸರೆಲ್ಲ ಹೋಗಿ ಒಗೆಯಲು ಒಂದೊಂದು ಸಪಾಟಾದ ಕಲ್ಲು ಆರಿಸಿ ತಂದರು. ಅವ್ವನೂ ಸಿಂಬಿ ಇಟ್ಟು ತಲೆಯ ಮೇಲೆ ಹೊತ್ತು ತಂದಳು. ಕೆಸರು ಮೆತ್ತಿದ್ದ ಕಲ್ಲು. ಬಾಂದುಕಲ್ಲು ಗದ್ದೆಯಲ್ಲಿ ನಿಂತಿರುತ್ತದೆ, ಮಲಗಿದ್ದರೆ ಅವಳಿಗೆ ಹೇಗೆ ಗೊತ್ತಾಗಬೇಕು?

"ಅಪ್ಪ ಪ್ರಮಾಣ ಮಾಡೋವಾಗ ಆ ಕಲ್ಲು ಎಲ್ಲಿತ್ತವ್ವ?"

"ಹಿತ್ಲಲ್ಲೇ ಇತ್ತು." ಅವಳು ಮುಖ ಮುಚ್ಚಿಕೊಂಡಳು. "ಅವತ್ತು ನಿಮ್ಮಪ್ಪ ಉಟ್ಕಂಡಿದ್ದ ಪಂಚೆನ ಬೆಳಿಗ್ಗೆ ಅದ್ರ ಮ್ಯಾಲೇ ಒಗ್ದಿದ್ದೆ ಕಣವ್ವ."

ಯಜಮಾನರ ಹತ್ತಿರ ಹೋದೆ. "ಎಡ್ತಿ ಮಾತು ಸಾಕ್ಷಿ ಆಯ್ತದಾ? ಮಿಕ್ಕ ಎಂಗುಸ್ರೂ ತಂದವ್ರೆ ಅಂತೀಯಲ್ಲ, ಅವ್ರಲ್ಲಿ ಒಬ್ರಾದ್ರೂ ಬಾಯ್ ಬಿಡ್ಲಿ ನೋಡ್ಮ," ಎಂದರು. ಅದು ನ್ಯಾಯವೇ ಅನ್ನಿಸಿತು. ಬೇರೆ ಮನೆಗಳ ಒಗೆಯುವ ಕಲ್ಲುಗಳಲ್ಲೂ ಬಾಂದಿನ ಗುರುತಿದ್ದರೆ, ಕಿತ್ತದ್ದು ಅಪ್ಪನಲ್ಲ, ಜೆಸಿಬಿ ಎಂದಾಗುತ್ತದೆ. ಅವ್ವ ನೆನಪಿಸಿಕೊಂಡು ಹೇಳಿದ್ದು 23 ಮನೆ.

ಜುಲೈ 20, ಭಾನುವಾರ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆ. ಮೊದಲ ನಾಲ್ಕು ಮನೆಯವರು ಏನೂ ತಿಳಿಯದೆ ತಿರುಗಿಸಲು ಬಿಟ್ಟರು. ಗುರುತಿಲ್ಲ, ಗುರುತಿಲ್ಲ, ಗುರುತಿಲ್ಲ. ನಾಲ್ಕನೆಯದರ ತುದಿಯಲ್ಲಿ ಕೂಡು ಗುರುತು. ಎರಡೂ ಗೆರೆ ಮೂರು ಇಂಚು. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಆ ಮನೆಯಾಕೆ ಕೆನ್ನೆಗೆ ಬಾರಿಸಿದಳು. ಕಿವಿ ಗುಂಯ್ ಎಂದಿತು. "ನಿಮ್ ಮನೆ ಹಾಳ್ ಮಾಡ್ಕಂಡಿದ್ ಸಾಲ್ದಾ? ನಮ್ದು ಯಾರ್ ಗದ್ದೆ ಕಲ್ಲು ಅಂತ ನಾಳೆ ಯಾರ್ ಮಚ್ಚು ತತ್ತಾರೆ ಗೊತ್ತಾ ನಿಂಗೆ?" ಕಲ್ಲನ್ನು ಕಾಲಿನಿಂದ ಒದ್ದು ಮತ್ತೆ ಗೋಡೆಗೆ ಒತ್ತಿದಳು. ಅವಳ ಹೆಬ್ಬೆರಳಿನ ಉಗುರು ಕಿತ್ತು ರಕ್ತ ಬಂತು. ಅದಕ್ಕೂ ನನ್ನನ್ನೇ ಬೈದಳು.

ಸುದ್ದಿ ನನಗಿಂತ ಮುಂದೆ ಓಡಿತು. ಐದನೆಯ ಮನೆಯಿಂದ ಬಾಗಿಲು ಮುಚ್ಚತೊಡಗಿದವು. ಒಬ್ಬರು ನಾಯಿ ಬಿಟ್ಟರು. ಒಂಬತ್ತನೆಯ ಮನೆಯ ಅಜ್ಜಿ ಮಾತ್ರ ಕೂರಿಸಿ ನೀರು ಕೊಟ್ಟರು. ಆಮೇಲೆ ತಾವು ಒಗೆಯುವ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತುಕೊಂಡು, "ನಾ ಸಾಯೋಗಂಟ ಏಳಕಿಲ್ಲ ಕಣ್ ಕೂಸೆ, ನೀ ಓಗು," ಎಂದರು.

ಮರುದಿನ ನೋಡಿದರೆ ಮೂರು ಮನೆಯಲ್ಲಿ ಒಗೆಯುವ ಕಲ್ಲಿನ ಸುತ್ತ ಹೊಸ ಸಿಮೆಂಟ್ ಮೆತ್ತಿತ್ತು. ಒಟ್ಟು: ಮನೆ 23. ತಿರುಗಿಸಿದ್ದು 4. ಗುರುತು 1. ಫೋಟೊ 0. ನನಗೆ ಬಿದ್ದ ಏಟು 1.

ಅವರನ್ನು ಬೈಯಲು ನನಗೆ ಬಾಯಿಲ್ಲ. ಏಳು ನಿಮಿಷದಲ್ಲಿ ಏನೇನಾಗುತ್ತದೆ ಎಂದು ನಾನು ಕಂಡಿದ್ದೇನೆ. ಎಷ್ಟು ಮನೆಯ ಹಿತ್ತಲಲ್ಲಿ ಅಂಥ ಏಳು ನಿಮಿಷ ಗೋಡೆಗೆ ಮುಖ ಮಾಡಿ ಮಲಗಿದೆಯೋ ತಿಳಿಯದು. ಚಿಕ್ಕವ್ವನನ್ನು ಒಮ್ಮೆ ಅಂಗಡಿಯ ಹತ್ತಿರ ಕಂಡೆ. ಹುಬ್ಬಿನ ಮೇಲೆ ನಾನು ಮಾಡಿದ ಗಾಯ ಬಿಳಿ ಗೆರೆಯಾಗಿದೆ. ಕ್ಷಮಿಸು ಎಂದೆ. "ನಿಮ್ಮಪ್ಪ ಕಿತ್ತಿಲ್ಲ ಅಂತ ಒಬ್ರು ಏಳ್ಲಿ, ನಾನೇ ಬಂದು ನಿಮ್ಮವ್ವನ ಕಾಲು ಇಡೀತೀನಿ," ಎಂದಳು. ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ನಿಮ್ ಚಿಕ್ಕಪ್ನೂ ದಿನಾ ಅದ್ನೇ ಅಂತಾರೆ. ಕಿತ್ತಿಲ್ಲ ಅಂತಾದ್ರೆ ನಾನ್ ಯಾಕೆ ಒಡ್ದೆ ಅಂತ ಕೇಳ್ತಾರೆ, ನಂಗೇನ್ ಗೊತ್ತು?" ಎಂದಳು.

ಈಗ ನಾನೂ ನರಸೀಪುರದಲ್ಲೇ ಕೆಲಸ ಮಾಡುತ್ತೇನೆ, ಅತ್ತೆಯ ಮನೆಯ ನಡುಮನೆಯಲ್ಲಿ. ಬೇರೆ ಮಾನಿಟರ್ ಬಂದಿದೆ. ಅದಕ್ಕೂ ಕಾಲು ಗಿಡ್ಡ. ಇಲ್ಲಿನ ಮೇಜಿನ ಮೇಲೆ ಕೊರತೆ ನಾಲ್ಕೂವರೆ ಇಂಚು. ಅಪ್ಪ ಎಲ್ಲಿಂದಲೋ ಮರದ ದಿಮ್ಮಿಯ ತುಂಡೊಂದನ್ನು ತಂದು, ಮೂರು ಬೆರಳಿನ ಎಡಗೈಯಲ್ಲಿ ಅದುಮಿ ಹಿಡಿದು, ಬಲಗೈಯಲ್ಲಿ ಗರಗಸ ಆಡಿಸಿ ಸರಿಯಾಗಿ ಕೊಯ್ದರು. ಮೇಜಿನ ಮೇಲೆ ಇಡುವ ಮುಂಚೆ ಅದರ ಆರೂ ಮುಖವನ್ನು ಒಂದೊಂದಾಗಿ ತಿರುಗಿಸಿ ನನಗೆ ತೋರಿಸಿದರು. ಕತ್ತಿನ ನೋವು ಈಗ ಎರಡು. ದಿನಕ್ಕೆ 55 ನಿಮಿಷದ ವಿಡಿಯೊ ಮುಗಿಯುತ್ತದೆ.

ಓದುವವರಲ್ಲಿ ನನ್ನ ಕೋರಿಕೆ ಇಷ್ಟು. ಹನ್ನೊಂದು ವರ್ಷದ ಹಿಂದಿನ ಬೇಸಿಗೆಯಲ್ಲಿ ನಮ್ಮ ಹೋಬಳಿಯ ನಾಲೆಗಳಲ್ಲಿ ಜೆಸಿಬಿ ಓಡಿಸಿದವರು, ಹೂಳಿನ ಟ್ರ್ಯಾಕ್ಟರಿನಲ್ಲಿದ್ದವರು, ಮೋರಿಯ ಹತ್ತಿರದ ಗುಡ್ಡೆಯಿಂದ ಕಲ್ಲು ಆರಿಸಿದವರು ಯಾರಾದರೂ ಇದನ್ನು ಓದುತ್ತಿರಬಹುದು. ನಮ್ಮ ಕಲ್ಲಿನ ಮೇಲಿನ ತುಂಡು ಠಾಣೆಯಲ್ಲಿದೆ. ಕೆಳಗಿನ ತುಂಡು ಎಲ್ಲೋ ಏರಿಯ ಮಣ್ಣಿನಲ್ಲಿರಬೇಕು, ಅಥವಾ ಯಾರದೋ ಹಿತ್ತಲಿನಲ್ಲಿ. ಅಗಲ ಆರು ಇಂಚು, ದಪ್ಪ ಐದು, ಒಡೆದ ಮುಖ ಓರೆ, ನಡುವೆ ಬೆರಳಗಲದ ಕರಿ ಗೆರೆ. ಜೆಸಿಬಿಯ ಹಲ್ಲು ಒಂದು ಬಾಂದುಕಲ್ಲಿಗೆ ತಾಗಿ ಅದು ಮುರಿದದ್ದನ್ನು ನೀವು ಕಂಡಿದ್ದರೆ, ಅಷ್ಟು ಸಾಕು. ನಿಮ್ಮ ಹೆಸರು ಬೇಡ, ಊರು ಬೇಡ, ನಿಮ್ಮ ಮನೆಯ ಕಲ್ಲನ್ನು ತಿರುಗಿಸುವುದೂ ಬೇಡ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ಎಂದು ಒಂದು ಕಾಗದದಲ್ಲಿ ಬರೆದು, ಇದನ್ನು ಅಚ್ಚು ಮಾಡಿದವರ ವಿಳಾಸಕ್ಕೆ ಕಳಿಸಿ. ನಾನು ಅದನ್ನು ಮಾರಿಗುಡಿಯ ಮುಂದೆ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಅಪ್ಪನನ್ನು ಬಸ್ಸು ಹತ್ತಿಸಿ ಊರಿಗೆ ಕರೆದುಕೊಂಡು ಹೋಗುತ್ತೇನೆ.